ಒತ್ತು

ಇಂಡಿ ತಹಸೀಲ ಕಚೇರಿ ಎದುರಿನ ತಗಡಿನ ಶೆಡ್ಡಿನಾಗ
ಹತ್ತೊಂಬತ್ತು ವರ್ಷ ಆತು, ಕುಂತೀನಿ.
ಮೊದಲ ಟೈಪರೈಟರ್ ಇತ್ತು, ಮೋದಿನಸಾಬರದು.
ಕೀಲಿ ಹೊಡದರ ಸಾಕು, ಸರ್ರನ ಎದ್ದು
ಹಾಳಿ ಕಪಾಳಕ್ಕ ಬಿಟ್ಟಂಗ ಬೀಳತಿತ್ತು ಅಕ್ಷರ.
ಬೆರಳಿಗೂ ಬರಹಕ್ಕೂ ನಡುವ
ಒಂದು ಇರುವಿ ಹಾಯೂವಷ್ಟು ಜಾಗಾ ಇರಲಿಲ್ಲ.

ಈಗಿನದು ರಬ್ಬರಿನ ಹಾಸಿಗಿ.
ಒತ್ತಿದರ ಮೆತ್ತಗ ಒಳಗ ಹೋಗತೈತಿ,
ಮುಟ್ಟಿತೋ ಇಲ್ಲೋ ಬೆರಳಿಗೆ ತಿಳಿಯಂಗಿಲ್ಲ.
ಪರದೆ ಮ್ಯಾಲ ಅಕ್ಷರ,
ಕರದರ ಸೆರಗ ಸರಿಮಾಡಿಕೊಂಡು ಬರೋ ಸೊಸಿಯಂಗ,
ಚೂರು ತಡದು ಬರತೈತಿ.

ತಂಗಿ ಮಗ ಮಾಳಿಂಗ ಅಂತಾನ:
“ದೊಡ್ಡವ್ವಾ, ಅದು ಮೂವತ್ತು ಮಿಲಿಸೆಕೆಂಡು.
ಸ್ಪ್ರಿಂಗಿನ ಕೀಬೋರ್ಡ್ ತಗೋ, ಐದಕ್ಕ ಇಳಿತೈತಿ.”
ಉಳದ ಇಪ್ಪತ್ತೈದು ತಗೊಂಡು ಏನ ಮಾಡ್ಲಿ?
ಎದುರಿನ ಕಚೇರಿಯೊಳಗ
ಒಂದು ಖಾತೆ ಬದಲಾಗಾಕ ಹದಿನಾಲ್ಕು ತಿಂಗಳು.
ನಾ ನಕ್ಕೆ. ಬೆರಳು ನಗಲಿಲ್ಲ.
ನಿಮಿಷಕ್ಕ ಐವತ್ತು ಪದ ಹೊಡಿತಿದ್ದ ಕೈ
ಈಗ ಮೂವತ್ತೆಂಟಕ್ಕ ನಿಂತೈತಿ,
ಪ್ರತಿ ಅಕ್ಷರಕ್ಕೂ ಹೊಳ್ಳಿ ನೋಡಿ
ಬಂತೇನ, ಬಂತೇನ ಅಂತ ಕೇಳಿ.

ಸೋಮವಾರ ಇಬ್ಬರು ಬಂದರು, ವಾಟ್ನಿ ಪತ್ರಕ್ಕ.
ಲಿಂಬಿ ತೋಟ ಎರಡು ಪಾಲು, ಬಾವಿ ಸಾಮಾಯಿಕ.
ಒತ್ತಕ್ಷರ ಕೂಡಿಸೂದು ಎಫ್ ಕೀಲಿ;
ಎಡಗೈ ತೋರುಬೆರಳು ಕತ್ತಲಾಗೂ ಗುರುತ ಹಿಡೀಲಿ ಅಂತ
ಅದರ ಮೈಮ್ಯಾಲ ಸಣ್ಣದೊಂದು ಗೆರಿ ಐತಿ.
ಹೊಡದೆ. ಬಂದದ್ದು:
ಸಿದದಪಪ. ಅಣಣ. ತಮಮ.
ಜೋರಾಗಿ ಹೊಡದೆ.
ಅಣಣ. ತಮಮ.

ಹಿರ್ಯಾ ಕನ್ನಡಕ ಏರಿಸಿ ಪರದೆಗೆ ಬಾಗಿದ:
“ಅಕ್ಕಾರ, ನನ್ನ ಹೆಸರ ಯಾಕ ಬಿಚ್ಚೈತಿ?”
ಕಿರ್ಯಾ ಬಾಗಿಲಾಗ ನಿಂತು
ಲಾರಿ ತುಂಬೂದು ನೋಡತಿದ್ದ.

ತಲಿಪಿನ್ನು ತಗದು ಕೀಲಿ ಎಬ್ಬಿಸಿದೆ.
ಕೆಳಗ ಶೇಂಗಾ ಹಿಂಡಿ, ಕಟಕ ರೊಟ್ಟಿ ಚೂರೊಂದು,
ಯಾವ ಮಧ್ಯಾಹ್ನದ್ದೋ.
ಊದಿದೆ. ಹಿರ್ಯಾ ಉಸಿರ ಹಿಡದಿದ್ದ.
ಒತ್ತಿದೆ. ತಡೀತು.
ಆಮ್ಯಾಲ ಒಂದರ ಕಾಲಾಗ ಒಂದು ಬಂದು ಕುಂತವು:
ಸಿದ್ದಪ್ಪ. ಅಣ್ಣ. ತಮ್ಮ.
“ಹಾಂ, ಈಗ ನಾನ,” ಅಂದ.

ಎರಡು ಪ್ರತಿ ಬಂದವು, ಇನ್ನೂ ಬಿಸಿ ಇದ್ದವು.
ಅರವತ್ತು ರೂಪಾಯಿ ಅಂದೆ.
ಮೂವತ್ತು ಅವ ಕೊಟ್ಟ,
ಮೂವತ್ತು ಇವ.