ಪುಸ್ತಕದ ಬಸ್ಸಿನ ಹೆಂಗಸು ಕೈಸುವಿಗೆ ಹೇಳಿದ್ದು

ಬಾಗಿಲು ಹಾಕಿಕೋ ಕೈಸು, ಬಿಸಿಯೆಲ್ಲ ಹೊರಗೆ ಹೋಗುತ್ತೆ.
ಬೂಟಿನ ಹಿಮ ಅಲ್ಲೇ ಕೊಡವು.
ಮಧ್ಯಾಹ್ನ ಮೂರು ಗಂಟೆ, ಲ್ಯಾಪ್‌ಲ್ಯಾಂಡೆಲ್ಲ ಕಾಡಿಗೆಯ ಕರಡಿಗೆ.
ಸೂರ್ಯ ಇನ್ನು ಬರುವುದು ಜನವರಿಗೆ,
ನಾನಾದರೆ ಹದಿನೈದು ದಿನಕ್ಕೊಮ್ಮೆ;
ಇಬ್ಬರಲ್ಲಿ ನಾನೇ ವಾಸಿ.

ಪ್ರೇಮದ್ದು ಬೇಡ, ಪೊಲೀಸರದ್ದು ಬೇಡ,
ನಿದ್ದೆ ಬಾರದ ರಾತ್ರಿಗೆ ಏನಾದರೂ ಕೊಡು ಅಂದೆಯಲ್ಲ,
ತಗೋ.
ದಪ್ಪ ನೋಡಿ ಹೆದರಬೇಡ, ಮಿಕ್ಕದ್ದೆಲ್ಲ ಹೊಟ್ಟು.
ನೂರ ಹನ್ನೆರಡರಿಂದ ಹದಿನೆಂಟು ಪುಟ, ಅಷ್ಟೇ.
ಕಾಫಿ ಕಲೆಯಿದೆ. ಅದು ನನ್ನದು.

ಅಜ್ಜಿಕಥೆಯ ಹಾಗೇ ಶುರುವಾಗುತ್ತೆ: ಒಂದಾನೊಂದು ಕಾಲದಲ್ಲಿ
ಒಂದು ಊರಲ್ಲಿ ಒಬ್ಬ ಸೂಲಗಿತ್ತಿ.
ತಡಿ, ಮುಖ ತಿರುಗಿಸಬೇಡ.
ಹಿಮ ಸುರಿವ ರಾತ್ರಿ ಬಾಗಿಲು ಬಡಿದವನ
ಗಡ್ಡ ಒದ್ದೆ, ಉಸಿರಿಗೆ ತೋಳದ ವಾಸನೆ.
ಬಾ ಅಂದ. ಹೋದಳು.
ಕರೆದರೆ ಹೋಗಲೇಬೇಕಲ್ಲ ಆ ಕಸುಬಿನವರು,
ನಿನಗೆ ನಾನು ಹೇಳಬೇಕೆ?
ಸ್ಪ್ರೂಸ್ ಮರದ ಬೇರಿನಡಿಗೆ ಮೆಟ್ಟಿಲು,
ಮೆಟ್ಟಿಲ ಕೊನೆಗೆ ಮಂಚ, ಮಂಚದ ಮೇಲೆ ಬಸುರಿ,
ಅವಳ ಮುಖಕ್ಕೆ ಮಾತ್ರ ಒದ್ದೆ ಬಟ್ಟೆ.
ಕೂಸು ಬಂತು. ಅಳಲಿಲ್ಲ.
ಬೆನ್ನು ತಟ್ಟಿದಳು, ಮೂಗು ಹೀರಿದಳು, ತಲೆಕೆಳಗೆ ಹಿಡಿದಳು.
ಅಳಲಿಲ್ಲ.
ಕೊನೆಗೆ ತನ್ನ ಅಳುವನ್ನೇ ಅದರ ಬಾಯಿಗೆ ಊದಿ
ಅಂದಿನಿಂದ ಮೂಕಿಯಾದಳು.

ಕೂಲಿ? ಮಡಿಲ ತುಂಬ ಇದ್ದಿಲು.
ಅಜ್ಜಿಯರು ಹೇಳುವುದರಲ್ಲಿ ಬೆಳಗಾಗುತ್ತಲೂ ಅದು ಚಿನ್ನ;
ಪಾಪ, ಅವಳು ದಾರಿಯುದ್ದ ಒದರಿಬಿಟ್ಟಿರುತ್ತಾಳೆ,
ಲಂಗದ ಅಂಚಿಗೆ ಸಿಕ್ಕ ಒಂದೇ ಚೂರು ಮನೆ ಸೇರುತ್ತೆ.
ಇಲ್ಲಿ ಅದು ಚಿನ್ನವಲ್ಲ, ಕೈಸು.
ಹಾಲುಹಲ್ಲು.
ಯಾವ ಬಾಯಿಗೋ ಬರಬೇಕಿದ್ದು, ಬರದೆ ಉಳಿದದ್ದು.
ಅಂದಮೇಲೆ ಅವಳು ದಾರಿಯಲ್ಲಿ ಚೆಲ್ಲಿ ಬಂದದ್ದು...
ಹ್ಞಾಂ. ಲಾಂದ್ರ ಹಿಡಿದು ಹೊರಟಳು, ಆಯಲು.
ಮುಂದೆ ನಾನು ಹೇಳೋದಿಲ್ಲ.

ಕರಡಿ ಹೊಡೆಯುವ ಉರ್ಪೋಗೆ ಕೊಟ್ಟಿದ್ದೆ ಹೋದ ಚಳಿಗಾಲ.
ಹಳೇ ಪೇಪರಲ್ಲಿ ಸುತ್ತಿ, ಹುರಿ ಬಿಗಿದು
ಸತ್ತ ಬೆಕ್ಕನ್ನು ತಂದ ಹಾಗೆ ವಾಪಸು ತಂದ.
'ಇದು ನಮ್ಮನೇಲಿ ಇರೋದು ಬೇಡ.'
ಮುಂದಿನ ಸರ್ತಿ ಬಸ್ಸು ನಿಲ್ಲುವ ಮೊದಲೇ ನಿಂತಿದ್ದ:
'ಆ ಹೆಂಗಸು ಇನ್ನೂ ಹುಡುಕ್ತಿದಾಳಾ?'

ಒಲೆ ಆರಿದ ಮೇಲೆ ಓದಬೇಡ.
ಕೊನೇ ಪುಟ ಮೊದಲು ನೋಡುವ ನಿನ್ನ ಕೆಟ್ಟ ಚಾಳಿ, ಅದೂ ಬೇಡ.
'ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಹೀಗಿದ್ದೇವೆ' ಅಂತ
ಮುಗಿಯೋದಿಲ್ಲ ಅದು.
ಅವರು ಅಲ್ಲಿ, ನಾವು ಇಲ್ಲಿ. ಅಷ್ಟೇ ಇದೆ.

ನನಗೇ ಯಾಕೆ ಅಂತ ಕೇಳುತ್ತೀಯ.
ಮೂವತ್ತೊಂದು ವರ್ಷದ ಹಿಂದೆ, ಫೆಬ್ರವರಿ, ರಸ್ತೆ ಮುಚ್ಚಿತ್ತು,
ನಮ್ಮ ಸೌನಾದ ಬೆಚ್ಚನೆ ಕಲ್ಲುಗಳ ಪಕ್ಕ
ಬೆನ್ನು ತಟ್ಟಿದೆ, ಮೂಗು ಹೀರಿದೆ, ತಲೆಕೆಳಗೆ ಹಿಡಿದೆ.
ಆಮೇಲೆ ಟವೆಲಲ್ಲಿ ಸುತ್ತಿ ಒಯ್ದೆ.
ನಾನು ನೋಡಿದ್ದು ನಿನ್ನ ಬೆನ್ನು ಮಾತ್ರ.
ಅಲ್ಲಿಂದ ನಾವು ಮಾತಾಡಿದ್ದು ಚಳಿ, ಬೆಲೆ, ಪುಸ್ತಕ.
ನಿನ್ನದೇ ತಪ್ಪು ಅಂತ ಒಮ್ಮೆಯೂ ಅಂದುಕೊಳ್ಳಲಿಲ್ಲ ಅಂದರೆ ಸುಳ್ಳು;
ಅಂದುಕೊಂಡಿದ್ದೆ,
ಈ ಹದಿನೆಂಟು ಪುಟದವರೆಗೂ.

ಮುದ್ರೆ ಒತ್ತಿದ್ದೇನೆ, ಗಡುವು ಬರೆದಿಲ್ಲ.
ಓದಿದ ಮೇಲೆ ಏನೂ ಹೇಳಬೇಕಾಗಿಲ್ಲ.
ಹಿಮ ಜೋರಾಯಿತು, ಹೊರಡು. ಟಾರ್ಚು ತಂದಿದ್ದೀಯಾ?
ಇಲ್ಲವಾದರೆ ನನ್ನದು ತಗೋ.
ನೆಲ ನೋಡಿಕೊಂಡು ನಡಿ.