ಇತರೆ ಖರ್ಚು

ಅಂಗಡಿಯಲ್ಲಿ ಹೊಸದಕ್ಕೆ ನೂರಾ ಎಪ್ಪತ್ತೊಂಬತ್ತು.
ಬೈತಖೋಲದ ಲೆಕ್ಕದಲ್ಲಿ ಒಂದು ಕಿಲೋ ಬಂಗಡೆ,
ಮೀನು ಬಾರದ ವಾರ ಮುಕ್ಕಾಲು.
ಐಸ್ ಫ್ಯಾಕ್ಟರಿಯ ರಾತ್ರಿಪಾಳಿಯವನು ನಾನು,
ಆಟದ ಕಾರನ್ನೂ ಮೀನಿನಲ್ಲೇ ತೂಗುತ್ತೇನೆ.

ಹಾಗಾಗಿ ಹೊಸದು ನಮಗಲ್ಲ.
ಕಾರವಾರದ ಭಾನುವಾರದ ಸಂತೆಯಲ್ಲಿ
ಹರಿವೆ, ಬದನೆ ದಾಟಿ,
ಹಳೇ ಬೀಗ, ಸತ್ತ ರಿಮೋಟುಗಳ ಗುಡ್ಡೆಯ ಹಿಂದೆ
ಕೂತಿರುತ್ತಾನೆ ಮುಕ್ತುಮ.
ಅವನೆದುರು ಕಾರನ್ನು ಪ್ರೀತಿಯಿಂದ ನೋಡಬಾರದು.
ಬೀಗ ನೋಡಬೇಕು. ಬೀಗದ ದರ ಕೇಳಬೇಕು.
ಛೆ ಅಂದು ಎದ್ದು ಎರಡು ಹೆಜ್ಜೆ ಹೋಗಿ
ಏನೋ ಮರೆತವನ ಹಾಗೆ ತಿರುಗಿ—
ಇದೆಂತದು, ಚಕ್ರವೇ ಇಲ್ಲವಲ್ಲ ಮಾರಾಯಾ, ಎಷ್ಟು?
ಅವನಿಗೂ ಗೊತ್ತು.
ಹನ್ನೊಂದು ವರ್ಷ ಬೀಗದ ದರ ಕೇಳಿ
ಬೀಗ ಕೊಳ್ಳದವನು ನಾನೊಬ್ಬನೇ.

ರಿಫಿಲ್ಲಿನ ತುಂಡು ಅಚ್ಚಾಗುತ್ತದೆ.
ಇಂಜೆಕ್ಷನ್ ಬಾಟಲಿಯ ರಬ್ಬರ್ ಮುಚ್ಚಳ, ಚಕ್ರ.
ಬಣ್ಣಕ್ಕೆ ಸುಗಂಧಾಳ ನೇಲ್‌ಪಾಲಿಶ್.
ಥರ್ಮೋಕೋಲಿನ ಮೀನುಪೆಟ್ಟಿಗೆಯಲ್ಲಿ ನಲವತ್ತಾರು ಗಾಡಿ,
ಎಷ್ಟು ತೊಳೆದರೂ ತಾರ್ಲೆಯ ವಾಸನೆ.
ಜೂನ್ ಒಂದಕ್ಕೆ ಬೋಟುಗಳು ದಡಕ್ಕೆ ಬಂದರೆ
ನನ್ನ ಹುಚ್ಚಿಗೂ ಅರವತ್ತೊಂದು ದಿನ ಬಂದ್.

ಈ ಸಲ ಬಂದ್ ಮುಗಿಯುವ ಹೊತ್ತಿಗೆ
ಸುಗಂಧಾ ನನ್ನ ಲೆಕ್ಕದ ಪುಸ್ತಕ ತೆಗೆದು
'ಇತರೆ' ಎಂದು ಬರೆದದ್ದನ್ನೆಲ್ಲ ಕೂಡಿದಳು.
ನಾಲ್ಕು ಸಾವಿರದ ಮುನ್ನೂರಾ ಹದಿನೆಂಟು.
ನನ್ನ ಉತ್ತರ ತಯಾರಿತ್ತು:
ಬೀಡಿಯಿಲ್ಲ, ಬಾಟ್ಲಿಯಿಲ್ಲ, ಓಸಿ ಬರೆಸುವುದಿಲ್ಲ,
ತಿಂಗಳಿಗೆ ಮೂವತ್ಮೂರೂ ಬೀಳುವುದಿಲ್ಲ—

ಅವಳು ಕೇಳಿದ್ದು ಬೇರೆ.
"ಇದರಲ್ಲಿ ನಂದು ಯಾವ ಸಾಲು?"

ಹುಡುಕಿದೆ. ಹಾಲಿನಲ್ಲಿದ್ದಳು, ಗ್ಯಾಸಿನಲ್ಲಿದ್ದಳು,
ನನ್ನ ಅಮ್ಮನ ಬಿಪಿ ಗುಳಿಗೆಯಲ್ಲಿದ್ದಳು.
ಇತರೆಯಲ್ಲಿ ಎಲ್ಲೂ ಇಲ್ಲ.
ಆ ಒಂದು ನೇಲ್‌ಪಾಲಿಶ್, ಅದೂ
ಫಿಯೆಟ್ಟಿನ ಬಾಗಿಲಿಗೆ ಹೋಗಿತ್ತು.

ಮುಂದಿನ ಭಾನುವಾರ ಜೊತೆಗೆ ಬಂದಳು.
ಮುಕ್ತುಮನ ಗುಡ್ಡೆಯಿಂದ ನೇರ ಎತ್ತಿಕೊಂಡಳು
ಒಂದು ತಗಡಿನ ಕೋಳಿ.
ಕೀಲಿ ಕೊಟ್ಟರೆ ಕುಟುಕುವಂಥದು, ಕೀಲಿಯೇ ಇಲ್ಲ.
ಎಲ್ಲರೆದುರು ಅದನ್ನು ಎದೆಗೆ ಹಿಡಿದು
"ನಂಗೆ ಇದು ಬೇಕು" ಅಂದುಬಿಟ್ಟಳು.
ಅರವತ್ತು, ಅಂದ ಅವನು.
ನಾನು ಅವಳ ಕಾಲು ತುಳಿದೆ.
ಅವಳು ಅರವತ್ತೂ ಎಣಿಸಿ ಕೊಟ್ಟಳು.

ಮನೆಗೆ ಬಂದು, ಚಪ್ಪಲಿ ಕಳಚುವ ಮೊದಲೇ,
"ಬರ್ಕೋ. ಇತರೆ ಅಂತಲ್ಲ.
ಸುಗಂಧಾ ಅಂತ ಬರಿ."

ಅದಾದ ವಾರ ನಾನೊಂದು ಬೀಗ ಕೊಂಡೆ.
ಮುಕ್ತುಮ ಬೀಗವನ್ನು, ನನ್ನನ್ನು,
ಮತ್ತೆ ಬೀಗವನ್ನು ನೋಡಿ
ಕಾರು ಯಾವುದು, ಅಂದ.
ನನಗೆ ಬೇಕಿದ್ದದ್ದು ಅದರ ಕೀಲಿ,
ತುದಿ ಪೊಳ್ಳಾದ ಹಳೇ ಕಾಲದ್ದು.

ಮಂಜುಗಡ್ಡೆ ಕಟ್ಟುವವರೆಗೆ ಪಾಳಿಯಲ್ಲಿ ಕೂತು
ಅರದಿಂದ ಉಜ್ಜುತ್ತಿದ್ದೇನೆ.
ಇನ್ನೂ ಕೂರುತ್ತಿಲ್ಲ.
ಇನ್ನೊಂದು ಕೂದಲೆಳೆಯಷ್ಟು ಇದೆ.