ನಡಾವಳಿ ಪುಸ್ತಕದಲ್ಲಿ ಬರೆಯದ್ದು

ಮಾಂಟೆವಿಡಿಯೋ. ಜುಲೈ ತಿಂಗಳ ಚಳಿ.
ಹ್ಯಾಂಗರಿನ ತಗಡಿಗೆ ನದಿಯ ಕಡೆಯ ಗಾಳಿ ಬಡಿಯುತ್ತಿದೆ.
ಮುನ್ನೂರು ಜನ, ನಾಲ್ಕು ಹೀಟರು,
ಸೋರೆಬುರುಡೆಯ ಕಹಿ ಚಹಾ ಕೈಯಿಂದ ಕೈಗೆ.

ನಾನು ಸಂಘದ ಕಾರ್ಯದರ್ಶಿ. ಬರೆಯುವುದು ನನ್ನ ಕೆಲಸ.
ಬರೆದೆ: ಸಂಬಳದಲ್ಲಿ ಶೇಕಡಾ ಹದಿನೆಂಟು ಕಡಿತ,
ಎರಡು ವರ್ಷ; ಇದು ಆಡಳಿತದ ಕೊನೆಯ ಮಾತು.
ಬರೆದೆ: ಅಡೆಮಾರ್ ಎಚೆವೆರಿ ಎದ್ದು ನಿಂತು
'ಕೋಳೀನ ಕೇಳಿ ಮಸಾಲೆ ಅರೀತಾರೇನ್ರೀ?' ಎಂದರು. (ನಗು.)
ಬರೆದೆ: ವಿಮಾನದ ಬಾಲಕ್ಕೆ ಹೊಸ ಬಣ್ಣ, ಹೊಸ ಹಕ್ಕಿ,
ಅದನ್ನು ಬರೆದವನಿಗೆ ಸುರಿದ ದುಡ್ಡಿನಲ್ಲಿ
ಎರಡು ಎಂಜಿನ್ನು ರಿಪೇರಿಯಾಗುತ್ತಿತ್ತು.
ಚಪ್ಪಾಳೆ.
ಇದೆಲ್ಲ ನಿಜ. ಅಂಗೈ ಉರಿಯುವಷ್ಟು ನಿಜ.

ಬರೆಯದ್ದು:
ಮಾರ್ಚಿನಲ್ಲೇ ಲೆಕ್ಕದ ಹಾಳೆ ನಮಗೆ ತೋರಿಸಿದ್ದರು.
ಹಣಕಾಸಿನ ಇರಿಗೊಯೆನ್, ಟೈ ಸಡಿಲಿಸಿಕೊಂಡು,
ನಮ್ಮ ಕಚೇರಿಯ ಕಾಲು ಮುರಿದ ಕುರ್ಚಿಯಲ್ಲಿ
ಬೀಳದ ಹಾಗೆ ಕೂತು, ಹೇಳಿದ್ದ:
ಎಣ್ಣೆಯವರು ಇನ್ನು ಮೇಲೆ ನಗದು ಕೇಳುತ್ತಾರಂತೆ.
ಹೆಚ್ಚೆಂದರೆ ಇಪ್ಪತ್ತು ವಾರ.
ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಹದಿನೈದು ವರ್ಷದಿಂದ ತೋಳ ಬಂತು ತೋಳ
ಎನ್ನುತ್ತಲೇ ಬಂದಿದ್ದರಲ್ಲ ಅವರು,
ಪ್ರತಿ ಸಲವೂ ತೋಳ ಹೋದ ದಾರಿಯಲ್ಲಿ
ನಿರ್ದೇಶಕರಿಗೊಂದು ಹೊಸ ಕಾರು ಬಂದಿತ್ತಲ್ಲ.
ಚಹಾ ಕೊಟ್ಟೆವು. ಅವನು ಅರ್ಧ ಕುಡಿದು ಹೋದ.
ಹಾಳೆಯನ್ನು ನಾನೇ ಮಡಚಿ
ಕ್ರಿಸ್‌ಮಸ್ ಚಂದಾದ ರಸೀದಿಗಳ ಕೆಳಗಿಟ್ಟೆ.

ಆ ರಾತ್ರಿ ಯಾರೂ ಅದನ್ನು ಎತ್ತಲಿಲ್ಲ.
ಅಧ್ಯಕ್ಷರು ನನ್ನ ಕಡೆ ನೋಡಿದರು, ಒಂದೇ ಸಲ.
ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಕೈ ಎತ್ತಿ ಮತ. ಬೇಡ: ಇನ್ನೂರ ಹನ್ನೊಂದು.
ಬೇಕು: ಎಂಬತ್ತನಾಲ್ಕು.
ಇನ್ನೂರ ಹನ್ನೊಂದರಲ್ಲಿ ಒಂದು ಕೈಗೆ
ಪೆನ್ನಿನ ಮಸಿ ಮೆತ್ತಿತ್ತು.

ಆಮೇಲಿನದು ಪೇಪರಿನಲ್ಲಿ ಬಂತು:
ಚಿಲಿಯ ಸಾಂಟಿಯಾಗೋದಲ್ಲಿ, ನಿಲ್ದಾಣದ ಬಾಕಿಗೆ
ಪ್ರಯಾಣಿಕರನ್ನು ಇಳಿಸಿ ವಿಮಾನ ಜಪ್ತಿ ಮಾಡಿದ್ದು;
ಪೈಲಟ್ಟು ತನ್ನ ಸ್ವಂತ ಕಾರ್ಡಿನಿಂದ
ಸಿಬ್ಬಂದಿಗೆ ರೂಮು ಹಿಡಿದದ್ದು;
ಆಡಳಿತ 'ಸಂಘವೇ ಕಾರಣ' ಎಂದದ್ದು,
ನಾವು 'ಆಡಳಿತವೇ' ಎಂದದ್ದು.
ಎರಡು ಹೇಳಿಕೆಗೂ ಒಂದೇ ಅಳತೆಯ ಜಾಗ.
ನಮ್ಮದನ್ನು ಬರೆದುಕೊಟ್ಟದ್ದು ನಾನೇ.

ಆದರೆ ನನ್ನ ನಿದ್ದೆಗೆ ಅಡ್ಡ ಬರುವುದು ಸುನಿಲ್ದಾ.
ಗುತ್ತಿಗೆಯವಳು, ಸಂಘದವಳಲ್ಲ, ಮತವಿಲ್ಲ.
ಆ ರಾತ್ರಿ ಹ್ಯಾಂಗರಿನ ಬಾಗಿಲಲ್ಲಿ ಬಕೆಟ್ಟು ಹಿಡಿದು
ಸಭೆ ಮುಗಿಯಲಿ ಎಂದು ಕಾಯುತ್ತಿದ್ದಳು.
'ಏನಾಯ್ತಮ್ಮಾ?'
'ಗೆದ್ದೆವು' ಎಂದೆ.
'ಒಳ್ಳೇದಾಯ್ತು' ಅಂದಳು, ನಿಜವಾಗಿ ಖುಷಿಪಟ್ಟು,
ಬೆಳಗಿನ ವಿಮಾನದ ಸೀಟು ಒರೆಸಲು
ಏಣಿ ಹತ್ತಿದಳು.